ತಾಯಿಗೆ ಹೊಗಳಿಕೆಯಲ್ಲ, ಹೆಗಲು ಬೇಕು

2025ರ ಜುಲೈ 14ರಂದು ಲಿಂಗನಮಕ್ಕಿಯ ಹಿನ್ನೀರಿನ ಮೇಲೆ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಗೊಂಡಿತು. 1964ರಲ್ಲಿ ಶರಾವತಿಗೆ ಅಣೆಕಟ್ಟು ಪೂರ್ಣಗೊಂಡಂದಿನಿಂದ ನಡುಗಡ್ಡೆಯಂತಾಗಿದ್ದ ತುಮರಿ ಭಾಗದ ಜನರು ಆರು ದಶಕಗಳ ಕಾಲ ಆ ದಿನಕ್ಕಾಗಿ ಕಾದಿದ್ದರು. ಸೇತುವೆಯ ಉದ್ದ, ಅದಕ್ಕೆ ತಗುಲಿದ ವೆಚ್ಚ, ಸಿಗಂದೂರಿಗೆ ಹೋಗುವ ಭಕ್ತರಿಗಾಗುವ ಅನುಕೂಲ, ಇವೆಲ್ಲವನ್ನೂ ನಾವು ಪತ್ರಿಕೆಗಳಲ್ಲಿ ಓದಿದ್ದೇವೆ. ಆದರೆ ಹಿನ್ನೀರಿನ ಆಚೆ ಬಾಳಿದ ಹೆಂಗಸರಿಗೆ ಆ ಸೇತುವೆಯ ಅರ್ಥ ಇನ್ನೂ ಒಂದಿದೆ. ಕತ್ತಲಾದ ಮೇಲೆ ಲಾಂಚ್ ಇರುತ್ತಿರಲಿಲ್ಲ. ಹೆರಿಗೆಯ ನೋವಿಗೆ ಹೊತ್ತುಗೊತ್ತು ಇರುವುದಿಲ್ಲ. ಸಾಗರದ ಆಸ್ಪತ್ರೆ ಕಣ್ಣಳತೆಯ ನೀರಿನ ಆಚೆಗಿದ್ದರೂ ಬಸುರಿಯ ಪಾಲಿಗೆ ಬಹುದೂರವಾಗಿತ್ತು. ಆ ದೂರ ಇಂದು ಕಡಿಮೆಯಾಗಿದೆ. ಅದಕ್ಕಾಗಿ ದೇವರಿಗೆ ಕೃತಜ್ಞತೆ ಸಲ್ಲಿಸೋಣ.

ಆದರೆ ಸೇತುವೆಯಿಂದ ಪರಿಹಾರವಾಗುವುದು ಹೆರಿಗೆಯ ಒಂದು ರಾತ್ರಿಯ ಸಂಕಟ ಮಾತ್ರ. ಅದಕ್ಕೆ ಮುಂಚಿನ ಒಂಬತ್ತು ತಿಂಗಳು ಮತ್ತು ಅನಂತರದ ಎರಡು ಮೂರು ವರ್ಷಗಳು ಇನ್ನೂ ಹಾಗೆಯೇ ಉಳಿದಿವೆ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ನಮ್ಮ ಕುಟುಂಬಗಳಲ್ಲಿ ಎರಡು ಪುಟ್ಟ ಮಕ್ಕಳನ್ನು ಸಾಕುತ್ತ, ಮೂರನೆಯದನ್ನು ಹೊಟ್ಟೆಯಲ್ಲಿ ಹೊತ್ತು, ದುಡಿಯಲು ಹೊರಗೆ ಹೋಗುವ ತಾಯಂದಿರಿದ್ದಾರೆ. ಅವರ ಕುರಿತು ಧರ್ಮಸಭೆಯವರಾದ ನಾವು ಬಹಳ ಮಾತನಾಡುತ್ತೇವೆ. ಆ ಮಾತಿಗೆ ತಕ್ಕಂತೆ ನಡೆದುಕೊಂಡಿದ್ದೇವೆಯೇ ಎಂಬುದೇ ಈ ವಾರದ ಪ್ರಶ್ನೆ.

ಒಂದು ದಿನದ ದುಡಿಮೆ

ಅಂತಹ ತಾಯಿಯೊಬ್ಬಳ ದಿನವನ್ನು ನೋಡೋಣ. ಅವಳಿಗೆ ಹೆಸರಿಡುವುದು ಬೇಡ; ನಮ್ಮ ಊರುಗಳಲ್ಲಿ ಅವಳು ಒಬ್ಬಳೇ ಅಲ್ಲ. ದೊಡ್ಡ ಮಗುವಿಗೆ ಮೂರು ವರ್ಷ ತುಂಬಿಲ್ಲ. ಎರಡನೆಯದು ಆಗತಾನೇ ಹೆಜ್ಜೆಯಿಡಲು ಕಲಿತಿದೆ. ಹೊಟ್ಟೆಯಲ್ಲಿರುವುದಕ್ಕೆ ಏಳು ತಿಂಗಳು. ಬೆಳಗಿನ ಜಾವ ಎದ್ದು ಹಂಡೆಯ ಒಲೆಗೆ ಬೆಂಕಿ ಮಾಡಬೇಕು, ಗಂಜಿಗಿಡಬೇಕು, ಕೊಟ್ಟಿಗೆಯಲ್ಲಿ ಹಸುವಿದ್ದರೆ ಹಾಲು ಕರೆಯಬೇಕು. ಅಷ್ಟರಲ್ಲಿ ಚಿಕ್ಕದು ಎಚ್ಚರವಾಗಿ ಅಳುತ್ತದೆ. ಎತ್ತಿಕೊಂಡರೆ ಸೊಂಟ ನೋಯುತ್ತದೆ, ಎತ್ತಿಕೊಳ್ಳದಿದ್ದರೆ ಮನಸ್ಸು ನೋಯುತ್ತದೆ. ಎಂಟು ಗಂಟೆಯ ಬಸ್ಸು ತಪ್ಪಿದರೆ ಆ ದಿನದ ಕೂಲಿಯೇ ಇಲ್ಲ. ಮಕ್ಕಳನ್ನು ಅತ್ತೆ ನೋಡಿಕೊಂಡರೆ ಪುಣ್ಯ. ಅತ್ತೆಯೂ ಕೂಲಿಗೆ ಹೋಗುವವರಾದರೆ ಪಕ್ಕದ ಮನೆಯವರ ಮುಖ ನೋಡಬೇಕು.

ಅಡಿಕೆಯ ಕೊಯ್ಲಿನ ಕಾಲದಲ್ಲಿ ಈ ದಿನ ರಾತ್ರಿಗೂ ಮುಂದುವರಿಯುತ್ತದೆ. ಸುಲಿಯುವ ಯಂತ್ರಗಳು ಬಂದಿದ್ದರೂ ಎಷ್ಟೋ ಅಂಗಳಗಳಲ್ಲಿ ಹೆಂಗಸರು ಇಂದಿಗೂ ಸಾಲಾಗಿ ಕುಳಿತು ಹಸಿ ಅಡಿಕೆ ಸುಲಿಯುತ್ತಾರೆ. ಸುಲಿದಷ್ಟೇ ಕೂಲಿ. ಬೆನ್ನು ಬಗ್ಗಿಸಿ, ಕತ್ತಿಯ ಮುಂದೆ ಗಂಟೆಗಟ್ಟಲೆ ಕೂರುವುದು ಏಳು ತಿಂಗಳ ಬಸುರಿಗೆ ಎಂತಹ ಕೆಲಸವೆಂಬುದನ್ನು ವೈದ್ಯರೇ ಹೇಳಬೇಕಾಗಿಲ್ಲ. ಪಕ್ಕದಲ್ಲಿ ಗೋಣಿಚೀಲದ ಮೇಲೆ ಮಗು ಮಲಗಿರುತ್ತದೆ. ಅದು ಹೊರಳಿ ಕತ್ತಿಯ ಹತ್ತಿರ ಬಂದೀತೆಂದು ಅವಳ ಒಂದು ಕಣ್ಣು ಸದಾ ಅದರ ಮೇಲೆಯೇ. ಪಟ್ಟಣದ ಜವಳಿ ಅಂಗಡಿಯಲ್ಲಿ ಇಡೀ ದಿನ ನಿಂತು ಸೀರೆ ತೋರಿಸುವವಳ, ಖಾಸಗಿ ಶಾಲೆಯಲ್ಲಿ ತಾತ್ಕಾಲಿಕ ಶಿಕ್ಷಕಿಯಾಗಿರುವವಳ, ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತವಳ ಸ್ಥಿತಿ ತೋರಿಕೆಗೆ ಬೇರೆಯಾದರೂ ಒಳಗಿನ ಆಯಾಸ ಒಂದೇ.

ಭಾನುವಾರ ಅವಳು ಎರಡು ಮಕ್ಕಳೊಂದಿಗೆ ಬಲಿಪೂಜೆಗೆ ಬರುತ್ತಾಳೆ. ಚಿಕ್ಕದು ಅತ್ತಾಗ ಮುಂದಿನ ಬೆಂಚಿನವರು ತಿರುಗಿ ನೋಡುತ್ತಾರೆ. ಮಗುವನ್ನು ಎತ್ತಿಕೊಂಡು ಅವಳೇ ಹೊರಗೆ ಹೋಗುತ್ತಾಳೆ. ಗಂಡ ಒಳಗೇ ಕುಳಿತಿರುತ್ತಾನೆ. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಯಾರೋ ನಗುತ್ತಾ, 'ಇದೇನಮ್ಮಾ, ಇಷ್ಟು ಬೇಗ ಇನ್ನೊಂದಾ?' ಎಂದು ಕೇಳುತ್ತಾರೆ. ಅದೇ ಅಂಗಳದಲ್ಲಿ ಇನ್ನೊಬ್ಬರು, ಒಂದೇ ಮಗುವಿರುವ ಮತ್ತೊಬ್ಬ ತಾಯಿಗೆ, 'ಇನ್ನೊಂದು ಯಾವಾಗ?' ಎಂದು ಕೇಳುತ್ತಿರುತ್ತಾರೆ. ಎರಡೂ ಪ್ರಶ್ನೆಗಳು ಹೆಣ್ಣಿಗೇ. ಅವಳ ಕೈಯಲ್ಲಿರುವ ಚೀಲವನ್ನು ಹಿಡಿದುಕೊಳ್ಳಲೇ ಎಂದು ಕೇಳುವವರು ಮಾತ್ರ ವಿರಳ.

ಕಾನೂನು ಎಣಿಸುವ ರೀತಿ

ಸರ್ಕಾರ ಇವರಿಗಾಗಿ ಏನೂ ಮಾಡಿಲ್ಲವೆಂದರೆ ಅದು ಅಸತ್ಯವಾಗುತ್ತದೆ. 1961ರ ಹೆರಿಗೆ ಸೌಲಭ್ಯ ಕಾಯಿದೆಯನ್ನು 2017ರಲ್ಲಿ ತಿದ್ದಿ, ಸಂಬಳಸಹಿತ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಲಾಯಿತು. 50 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವಲ್ಲಿ ಶಿಶುವಿಹಾರ ಇರಬೇಕೆಂದು ವಿಧಿಸಲಾಯಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಈ ಅಂಶಗಳು ಮುಂದುವರಿದಿವೆ. ಜಗತ್ತಿನ ಎಷ್ಟೋ ದೇಶಗಳಿಗಿಂತ ಇದು ಉದಾರವಾದ ಕಾನೂನು.

ಆದರೆ ಈ ಉದಾರತೆಗೆ ಎರಡು ಬೇಲಿಗಳಿವೆ. ಮೊದಲನೆಯದು ಮಕ್ಕಳ ಸಂಖ್ಯೆಯದು. ಜೀವಂತವಿರುವ ಇಬ್ಬರು ಮಕ್ಕಳ ತಾಯಿಗೆ ಮುಂದಿನ ಹೆರಿಗೆಯಲ್ಲಿ 26 ವಾರಗಳಿಲ್ಲ, 12 ವಾರಗಳು ಮಾತ್ರ. ಜನಸಂಖ್ಯೆಯ ನಿಯಂತ್ರಣವೇ ಇದರ ಹಿಂದಿನ ತರ್ಕ. ಆದರೆ ಮೂರನೆಯ ಹೆರಿಗೆಯ ಗಾಯ ಅರ್ಧ ಕಾಲದಲ್ಲಿ ಮಾಯುವುದಿಲ್ಲ. ಮೂರನೆಯ ಶಿಶು ಅರ್ಧ ಹಾಲು ಕುಡಿದು ಬೆಳೆಯುವುದಿಲ್ಲ. ಮನೆಯಲ್ಲಿ ಇನ್ನೆರಡು ಪುಟ್ಟ ಮಕ್ಕಳಿರುವಾಗ ಆ ತಾಯಿಗೆ ವಿಶ್ರಾಂತಿ ಹೆಚ್ಚು ಬೇಕೇ ಹೊರತು ಕಡಿಮೆಯಲ್ಲ. ಜನಸಂಖ್ಯೆಯ ಭಯವಾದರೂ ಇನ್ನೂ ಉಳಿದಿದೆಯೇ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಕುಗ್ಗದೆ ನಿಲ್ಲಲು ಬೇಕಾದ 2.1ಕ್ಕಿಂತ ಇದು ಕೆಳಗಿದೆ. 2024ರ ಅಕ್ಟೋಬರ್‌ನಲ್ಲಿ ನೆರೆಯ ಆಂಧ್ರಪ್ರದೇಶದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರು ಹೆಚ್ಚು ಮಕ್ಕಳನ್ನು ಪಡೆಯಿರೆಂದು ಜನರಿಗೆ ಬಹಿರಂಗವಾಗಿ ಕರೆ ನೀಡಿದರು. ಕಾರಣ ಮರೆಯಾಗಿದೆ, ಆ ಕಾರಣಕ್ಕಾಗಿ ಹಾಕಿದ ಬೇಲಿ ಮಾತ್ರ ನಿಂತಿದೆ.

ತಮಿಳುನಾಡಿನ ಸರ್ಕಾರಿ ಶಾಲೆಯ ಶಿಕ್ಷಕಿಯೊಬ್ಬರು ಇದೇ ಎರಡು ಮಕ್ಕಳ ನಿಯಮದಿಂದಾಗಿ ಹೆರಿಗೆ ರಜೆ ನಿರಾಕರಿಸಲ್ಪಟ್ಟು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2025ರ ಮೇ ತಿಂಗಳಲ್ಲಿ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತು, ಹೆರಿಗೆ ರಜೆಯು ಸ್ತ್ರೀಯ ಸಂತಾನ ಸಂಬಂಧಿ ಹಕ್ಕುಗಳ ಭಾಗವೆಂದು ಹೇಳಿತು. ಇದು ಕೃಪೆಯಲ್ಲ, ಹಕ್ಕು ಎಂಬ ಮಾತು ದೇಶದ ಅತ್ಯುಚ್ಚ ನ್ಯಾಯಪೀಠದಿಂದ ಬಂದಿರುವುದು ಗಮನಾರ್ಹ.

ಎರಡನೆಯ ಬೇಲಿ ಇನ್ನೂ ಎತ್ತರವಾದುದು. ಅಂಗಡಿ ಮತ್ತು ಸಂಸ್ಥೆಗಳ ವಿಷಯದಲ್ಲಿ ಈ ಕಾನೂನು ಅನ್ವಯವಾಗುವುದು ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ. ಮೂವರು ಕೆಲಸದವರಿರುವ ಜವಳಿ ಅಂಗಡಿಯವಳಿಗೆ, ಇಂದು ಒಬ್ಬರ ಅಂಗಳದಲ್ಲಿ ನಾಳೆ ಇನ್ನೊಬ್ಬರ ಅಂಗಳದಲ್ಲಿ ಅಡಿಕೆ ಸುಲಿಯುವವಳಿಗೆ 26 ವಾರ ಎಂಬುದು ಬೇರೆ ಲೋಕದ ಸುದ್ದಿ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು, ಸರ್ಕಾರಿ ನೌಕರಿಯಂತಹ ಆಸರೆಯಿಲ್ಲದ ಪ್ರತಿಯೊಬ್ಬ ಗರ್ಭಿಣಿಗೂ ಕನಿಷ್ಠ 6,000 ರೂಪಾಯಿಗಳ ನೆರವಿನ ಮಾತು ಕೊಟ್ಟಿತ್ತು. ಅದನ್ನು ಜಾರಿಗೆ ತಂದ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000 ರೂಪಾಯಿ. ಮೂರನೆಯದಕ್ಕೆ ಏನೂ ಇಲ್ಲ. ಕಾಯಿದೆಯಲ್ಲಿ 'ಪ್ರತಿಯೊಬ್ಬ' ಎಂದಿದ್ದದ್ದು ಯೋಜನೆಯಲ್ಲಿ ಕಿರಿದಾಯಿತು.

ಇನ್ನು ಪುಟ್ಟ ಮಕ್ಕಳ ಪಾಲನೆ. ಅಂಗನವಾಡಿಯಲ್ಲಿ ಕೂರಿಸಿಕೊಳ್ಳುವುದು ಮೂರು ವರ್ಷ ತುಂಬಿದ ಮಕ್ಕಳನ್ನು. ಅದಕ್ಕಿಂತ ಚಿಕ್ಕವರಿಗೆ ಆಹಾರದ ಪೊಟ್ಟಣ ಸಿಗುತ್ತದೆ, ಹಗಲಿನ ಆಸರೆ ಸಿಗುವುದಿಲ್ಲ. ತಾಯಿಗೆ ಕೈ ಬಿಡುವಿಲ್ಲದ ವಯಸ್ಸು ಅದೇ. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ಕರ್ನಾಟಕ ಸರ್ಕಾರ 2023ರಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಪ್ರಕಟಿಸಿದ್ದು ಈ ಕೊರತೆಯನ್ನು ಮೊದಲ ಬಾರಿಗೆ ಸರಿಯಾಗಿ ಗುರುತಿಸಿದ ಹೆಜ್ಜೆ. ಆದರೆ ಮಲೆನಾಡಿನಲ್ಲಿ ಮನೆಯಿಂದ ಮನೆಗೆ ಒಂದು ಗುಡ್ಡ, ಒಂದು ಹಳ್ಳ. ಮಳೆಗಾಲದಲ್ಲಿ ಪಂಚಾಯಿತಿ ಕಟ್ಟಡದವರೆಗೆ ಒಂದು ಕೂಸನ್ನು ಎತ್ತಿಕೊಂಡು, ಇನ್ನೊಂದನ್ನು ನಡೆಸಿಕೊಂಡು, ಮತ್ತೊಂದನ್ನು ಹೊಟ್ಟೆಯಲ್ಲಿ ಹೊತ್ತು ನಡೆಯುವವಳನ್ನು ಕಣ್ಣ ಮುಂದೆ ತಂದುಕೊಂಡು ಯೋಜನೆಗಳನ್ನು ರೂಪಿಸಬೇಕು.

ಇಲ್ಲಿ ಮಾಲೀಕರ ಮಾತನ್ನೂ ಕೇಳಬೇಕು. ರಜೆಯ ಸಂಬಳವನ್ನೆಲ್ಲ ತಾನೊಬ್ಬನೇ ಕೊಡಬೇಕಾದರೆ ಸಣ್ಣ ಅಂಗಡಿಯವನು ಮದುವೆಯಾದ ಹೆಣ್ಣುಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳಲು ಹಿಂಜರಿಯುವುದು ಸಹಜ. ನಮ್ಮಲ್ಲಿ ಇ.ಎಸ್.ಐ. ವಿಮೆಗೆ ಒಳಪಟ್ಟವರನ್ನು ಬಿಟ್ಟರೆ ಹೊರೆಯೆಲ್ಲವೂ ಮಾಲೀಕನದೇ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2000ದ ಒಡಂಬಡಿಕೆಯು ಈ ವೆಚ್ಚವನ್ನು ಸಾಮಾಜಿಕ ವಿಮೆ ಅಥವಾ ಸಾರ್ವಜನಿಕ ನಿಧಿಯಿಂದ ಭರಿಸಬೇಕೆಂಬ ತತ್ತ್ವವನ್ನು ಮುಂದಿಟ್ಟಿದೆ. ಮಗು ನಾಳೆಯ ಸಮಾಜದ ಸದಸ್ಯನಾಗುವುದಾದರೆ ಅದರ ಜನನದ ವೆಚ್ಚವನ್ನು ಸಮಾಜವೇ ಹಂಚಿಕೊಳ್ಳಬೇಕೆಂಬುದು ನ್ಯಾಯಸಮ್ಮತವಾದುದು.

ತ್ಯಾಗ ಮತ್ತು ನ್ಯಾಯ

ಈಗ ನಮ್ಮ ಮನೆಯ ಮಾತಿಗೆ ಬರೋಣ. ಇಂತಹ ತಾಯಂದಿರ ವಿಚಾರ ಬಂದಾಗಲೆಲ್ಲ ನಾವು ಗುರುಗಳು ಸಂತ ಜಿಯಾನ್ನ ಬೆರೆಟ್ಟಾ ಮೊಲ್ಲಾ ಅವರನ್ನು ನೆನೆಯುತ್ತೇವೆ. ಇಟಲಿಯ ಈ ವೈದ್ಯೆ ಮೂರು ಪುಟ್ಟ ಮಕ್ಕಳ ತಾಯಿ, ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದವರು. 1961ರಲ್ಲಿ ನಾಲ್ಕನೆಯ ಮಗುವನ್ನು ಹೊತ್ತಿದ್ದಾಗ ಗರ್ಭಕೋಶದಲ್ಲಿ ಗಡ್ಡೆ ಕಾಣಿಸಿಕೊಂಡಿತು. ಮಗುವಿನ ಜೀವಕ್ಕೆ ಅಪಾಯವಾಗದ ಚಿಕಿತ್ಸೆಯನ್ನೇ ಅವರು ಆರಿಸಿಕೊಂಡರು. 1962ರ ಏಪ್ರಿಲ್ 21ರಂದು ಹೆಣ್ಣುಮಗು ಹುಟ್ಟಿತು. ಒಂದು ವಾರದ ಬಳಿಕ, 39ರ ವಯಸ್ಸಿನಲ್ಲಿ ತಾಯಿ ತೀರಿಕೊಂಡರು. 2004ರ ಮೇ 16ರಂದು ಎರಡನೇ ಜಾನ್ ಪೌಲ್ ಜಗದ್ಗುರುಗಳು ಅವರನ್ನು ಸಂತರೆಂದು ಘೋಷಿಸಿದರು.

ಆ ತ್ಯಾಗ ನಿಜವಾಗಿಯೂ ಮಹತ್ತರವಾದುದು. ಆದರೆ ಅದನ್ನು ನಾವು ಬಳಸುವ ರೀತಿಯಲ್ಲಿ ಒಂದು ತರ್ಕದೋಷವಿದೆ. ಜಿಯಾನ್ನ ತಮ್ಮ ತ್ಯಾಗವನ್ನು ತಾವೇ ಆರಿಸಿಕೊಂಡರು. ಶಸ್ತ್ರಚಿಕಿತ್ಸೆಯ ಸೌಕರ್ಯವೂ, ಎಂಜಿನಿಯರಾದ ಪತಿಯ ಆಸರೆಯೂ, ಗೌರವದ ವೃತ್ತಿಯೂ ಅವರಿಗಿದ್ದವು. ನಮ್ಮ ಅಡಿಕೆ ಸುಲಿಯುವ ತಾಯಿ ಏಳು ತಿಂಗಳ ಹೊಟ್ಟೆ ಹೊತ್ತು ರಾತ್ರಿ ಹತ್ತರವರೆಗೆ ಕುಳಿತುಕೊಳ್ಳುವುದು ತಾನು ಆರಿಸಿಕೊಂಡ ತ್ಯಾಗವಲ್ಲ, ಬೇರೆ ದಾರಿಯಿಲ್ಲದ್ದರಿಂದ. ಸ್ವತಂತ್ರವಾದ ಇಚ್ಛೆಯಿಂದ ಕೊಟ್ಟದ್ದು ತ್ಯಾಗ. ಇತರರ ಅಲಕ್ಷ್ಯದಿಂದ ಕಸಿದುಕೊಳ್ಳಲ್ಪಟ್ಟದ್ದು ನಷ್ಟ. ಎರಡಕ್ಕೂ ಒಂದೇ ಹೆಸರಿಟ್ಟು ಮಾಲೆ ಹಾಕಿದರೆ ನಾವು ಸಂತರನ್ನು ಗೌರವಿಸಿದಂತಾಗುವುದಿಲ್ಲ, ನಮ್ಮ ಸಾಲವನ್ನು ಮರೆಮಾಚಿದಂತಾಗುತ್ತದೆ.

ಸಂತ ತೋಮಸ್ ಅಕ್ವಿನಾಸರು ನ್ಯಾಯವೆಂದರೆ ಪ್ರತಿಯೊಬ್ಬರಿಗೂ ಅವರವರಿಗೆ ಸಲ್ಲಬೇಕಾದುದನ್ನು ಸಲ್ಲಿಸುವ ದೃಢಸಂಕಲ್ಪವೆಂದು ಬೋಧಿಸಿದರು. ನ್ಯಾಯದಿಂದ ಸಲ್ಲಬೇಕಾದುದನ್ನು ದಾನದ ಹೆಸರಿನಲ್ಲಿ ಕೊಡಬಾರದೆಂದು ಎರಡನೇ ವ್ಯಾಟಿಕನ್ ಮಹಾಸಭೆಯು 1965ರಲ್ಲಿ, ಶ್ರೀಸಾಮಾನ್ಯರ ಪ್ರೇಷಿತಕಾರ್ಯವನ್ನು ಕುರಿತ ತನ್ನ ಶಾಸನದಲ್ಲಿ ಎಚ್ಚರಿಸಿದೆ. 1981ರಲ್ಲಿ ದುಡಿಮೆಯನ್ನು ಕುರಿತು ಬರೆದ ವಿಶ್ವಪತ್ರದಲ್ಲಿ ಎರಡನೇ ಜಾನ್ ಪೌಲರು ಇನ್ನೂ ಸ್ಪಷ್ಟವಾಗಿ ನುಡಿದರು: ತಾಯ್ತನಕ್ಕಾಗಿ ಹೆಣ್ಣು ತನ್ನ ಕೆಲಸದಲ್ಲಿ ದಂಡ ತೆರುವಂತಾಗಬಾರದು, ಕೆಲಸದ ವ್ಯವಸ್ಥೆಯೇ ಅವಳಿಗೆ ಹೊಂದಿಕೊಳ್ಳಬೇಕು, ಕುಟುಂಬಕ್ಕೆ ಸಾಲುವಷ್ಟು ಸಂಬಳ ಅಥವಾ ತಾಯಂದಿರಿಗೆ ನೇರ ನೆರವು ಸಿಗಬೇಕು. ಇದು ಯಾವುದೋ ಹೊಸ ಚಳವಳಿಯ ಘೋಷಣೆಯಲ್ಲ, ನಮ್ಮದೇ ಬೋಧನೆ.

ಮಕ್ಕಳೆಷ್ಟು ಎಂಬ ವಿಷಯದಲ್ಲಿಯೂ ಧರ್ಮಸಭೆ ಸಂಖ್ಯೆಯನ್ನು ವಿಧಿಸಿಲ್ಲ. 1968ರ ವಿಶ್ವಪತ್ರದಲ್ಲಿ ಆರನೇ ಪೌಲ್ ಜಗದ್ಗುರುಗಳು ಹೊಣೆಯರಿತ ಪಿತೃತ್ವ-ಮಾತೃತ್ವದ ಕುರಿತು ಹೇಳುವಾಗ ಕುಟುಂಬದ ಆರೋಗ್ಯ, ಆರ್ಥಿಕ ಮತ್ತು ಸಾಮಾಜಿಕ ಸ್ಥಿತಿಗಳನ್ನು ಗಣನೆಗೆ ತೆಗೆದುಕೊಂಡರು. ದೇವರ ಮುಂದೆ ಆ ತೀರ್ಮಾನ ಮಾಡಬೇಕಾದವರು ದಂಪತಿಗಳು, ಇಬ್ಬರೂ ಕೂಡಿ. ಚರ್ಚಿನ ಅಂಗಳದಲ್ಲಿ ನಿಂತ ನಾವಲ್ಲ.

ಕೇರಳದ ಪಾಲಾ ಧರ್ಮಪ್ರಾಂತ್ಯವು 2021ರಲ್ಲಿ ಐದು ಅಥವಾ ಹೆಚ್ಚು ಮಕ್ಕಳಿರುವ ಕುಟುಂಬಗಳಿಗೆ ತಿಂಗಳಿಗೆ 1,500 ರೂಪಾಯಿ ನೀಡುವುದಾಗಿ ಪ್ರಕಟಿಸಿದಾಗ ದೊಡ್ಡ ಚರ್ಚೆಯೇ ನಡೆಯಿತು. ಮಾತಿನ ಜೊತೆಗೆ ಹಣವನ್ನೂ ಇಡಬೇಕೆಂದು ಅವರಿಗೆ ಅನ್ನಿಸಿದ್ದು ಮೆಚ್ಚತಕ್ಕದ್ದು. ಆದರೆ ನೆರವು ಐದನೆಯ ಮಗುವಿಗಾಗಿ ಕಾಯಬೇಕೇ? ಅದೂ ಒಂದು ಬಗೆಯ ಎಣಿಕೆಯೇ. ಸರ್ಕಾರ ಎರಡರ ಮೇಲೆ ಬೇಡವೆಂದು ಎಣಿಸಿದರೆ ನಾವು ಐದು ತುಂಬಲೆಂದು ಎಣಿಸುವುದು ಉಚಿತವಲ್ಲ. ಎಣಿಸಬೇಕಾದುದು ಮಕ್ಕಳನ್ನಲ್ಲ, ಆ ತಾಯಿಗೆ ನೆರವಾಗುವ ಕೈಗಳನ್ನು.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳದೆ ಮುಂದೆ ಹೋಗುವುದು ಪ್ರಾಮಾಣಿಕತೆಯಲ್ಲ. ಹಲವು ವರ್ಷಗಳ ಹಿಂದೆ ನಾನು ಒಂದು ಶಾಲೆಯ ಸಂಚಾಲಕನಾಗಿದ್ದೆ. ಎರಡು ಪುಟ್ಟ ಮಕ್ಕಳ ತಾಯಿಯಾಗಿದ್ದ, ಮೂರನೆಯದನ್ನು ನಿರೀಕ್ಷಿಸುತ್ತಿದ್ದ ಶಿಕ್ಷಕಿಯೊಬ್ಬರು ಬಂದು ನಿಂತರು. 'ಫಾದರ್, ಮೂರು ತಿಂಗಳು ರಜೆ ಕೊಡಿ. ಸಂಬಳ ಇಲ್ಲದಿದ್ದರೂ ಪರವಾಗಿಲ್ಲ, ಕೆಲಸ ಒಂದು ಉಳಿದರೆ ಸಾಕು' ಎಂದರು. 'ಟೀಚರ್, ನಿಮ್ಮದು ತಾತ್ಕಾಲಿಕ ನೇಮಕ. ಮಕ್ಕಳ ಪಾಠ ನಿಲ್ಲುವ ಹಾಗಿಲ್ಲ. ಈಗ ಮನೆಯಲ್ಲಿರಿ, ಮುಂದಿನ ವರ್ಷ ನೋಡೋಣ' ಎಂದು ನಾನು ಹೇಳಿ ಕಳುಹಿಸಿದೆ. ಮುಂದಿನ ವರ್ಷ ಆ ಜಾಗದಲ್ಲಿ ಬೇರೊಬ್ಬರಿದ್ದರು. ಅವರು ಕಡಿಮೆ ಸಂಬಳಕ್ಕೆ ಅಂಗಡಿಯೊಂದನ್ನು ಸೇರಿದರು.

ಅದೇ ವರ್ಷ ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು, ಮಾತೆ ಮರಿಯಮ್ಮನವರ ಜನನೋತ್ಸವದ ಬಲಿಪೂಜೆಯಲ್ಲಿ, ತಾಯ್ತನದ ಹಿರಿಮೆಯ ಕುರಿತು ನಾನು ದೀರ್ಘವಾಗಿ ಪ್ರಬೋಧನೆ ಮಾಡಿದೆ. ಆಕೆ ಹಿಂದಿನ ಬೆಂಚಿನಲ್ಲಿ ಹಸುಗೂಸನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಹೊಸ ತೆನೆ ಪಡೆಯಲು ಬಂದಾಗ, 'ಪ್ರಬೋಧನೆ ಚೆನ್ನಾಗಿತ್ತು ಫಾದರ್' ಎಂದರು. ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಕಾನೂನಿನ ದೃಷ್ಟಿಯಿಂದ ನಾನು ಮಾಡಿದ್ದು ಸರಿಯೋ ತಪ್ಪೋ ಎಂದು ಅಂದು ಯಾರೂ ಕೇಳಲಿಲ್ಲ. ಆದರೆ ಧರ್ಮದ ದೃಷ್ಟಿಯಿಂದ ಅದು ತಪ್ಪು ಎಂಬುದರಲ್ಲಿ ನನಗೆ ಇಂದು ಸಂದೇಹವಿಲ್ಲ.

ಮೂರು ತಿಂಗಳ ಸೇವೆ

ಸಂತ ಲೂಕರ ಶುಭಸಂದೇಶದಲ್ಲಿ ಮರಿಯಮ್ಮನವರು, ತಾವೇ ಗರ್ಭಿಣಿಯಾಗಿದ್ದರೂ, ಎಲಿಜಬೇತಮ್ಮನವರು ಬಸುರಾದ ಸುದ್ದಿ ತಿಳಿದು ಮಲೆನಾಡಿನ ಊರಿಗೆ ಅವಸರದಿಂದ ಹೊರಟುಹೋದರು. ಅಲ್ಲಿ ಶುಭಾಶಯ ಹೇಳಿ ಮರಳಲಿಲ್ಲ. ಸುಮಾರು ಮೂರು ತಿಂಗಳು ಉಳಿದರು. ಮೂರು ತಿಂಗಳೆಂದರೆ ಕಾನೂನಿನ ಭಾಷೆಯಲ್ಲಿ 12 ವಾರ. ಆ ದಿನಗಳಲ್ಲಿ ಅವರು ನೀರು ತಂದಿರಬೇಕು, ರೊಟ್ಟಿ ಸುಟ್ಟಿರಬೇಕು, ನೆಲ ಗುಡಿಸಿರಬೇಕು. ಜಪಸರದಲ್ಲಿ ನಾವು ಆ ಭೇಟಿಯನ್ನು ಧ್ಯಾನಿಸುತ್ತೇವೆ. ಅದನ್ನು ನಡೆಸಿಕೊಡುವುದು ಇನ್ನೂ ಬಾಕಿಯಿದೆ.

ನಮ್ಮ ಧರ್ಮಕೇಂದ್ರಗಳಲ್ಲಿ ಮಾಡಬಹುದಾದುದು ಅಸಾಧ್ಯವಾದುದೇನಲ್ಲ. ಮೊದಲನೆಯದಾಗಿ, ನಮ್ಮ ಶಾಲೆ, ಆಸ್ಪತ್ರೆ, ವಿದ್ಯಾರ್ಥಿನಿಲಯಗಳಲ್ಲಿ ದುಡಿಯುವ ಶಿಕ್ಷಕಿ, ಆಯಾ, ಅಡುಗೆಯವರು ಯಾರೇ ಆಗಲಿ, ಕಾಯಂ ಆಗಿರಲಿ ತಾತ್ಕಾಲಿಕವಾಗಿರಲಿ, ಮಗು ಮೊದಲನೆಯದಾಗಲಿ ನಾಲ್ಕನೆಯದಾಗಲಿ, ಸಂಬಳಸಹಿತ ಹೆರಿಗೆ ರಜೆ ಕೊಡಬೇಕು. ಮರಳಿ ಬಂದಾಗ ಅವರ ಜಾಗ ಅವರಿಗಾಗಿ ಇರಬೇಕು. ಕಾನೂನು ನಮಗೆ ಅನ್ವಯಿಸುತ್ತದೆಯೇ ಎಂದು ವಕೀಲರನ್ನು ಕೇಳುವ ಮುನ್ನ ನಮ್ಮ ಅಂತಃಸಾಕ್ಷಿಯನ್ನು ಕೇಳೋಣ. ವೆಚ್ಚವಾಗುವುದು ನಿಜ. ಹಬ್ಬದ ಪೆಂಡಾಲು, ದೀಪಾಲಂಕಾರಗಳಿಗೂ ವೆಚ್ಚವಾಗುತ್ತದೆ.

ಎರಡನೆಯದಾಗಿ, ವಾರದ ದಿನಗಳಲ್ಲಿ ಬೀಗ ಹಾಕಿರುವ ನಮ್ಮ ಸಭಾಭವನಗಳಲ್ಲಿ ಒಂದು ಕೋಣೆಯನ್ನು ಮೂರು ವರ್ಷದೊಳಗಿನ ಮಕ್ಕಳಿಗಾಗಿ ತೆರೆಯಬಹುದು. ಜಾತಿ ಮತಗಳನ್ನು ಕೇಳದೆ ಊರಿನ ಎಲ್ಲ ದುಡಿಯುವ ತಾಯಂದಿರ ಮಕ್ಕಳನ್ನೂ ಸೇರಿಸಿಕೊಳ್ಳಬಹುದು. ಮೂರನೆಯದಾಗಿ, ಪ್ರತಿ ವಾಳೆಯಲ್ಲಿಯೂ ಹೆರಿಗೆಯಾದ ಮನೆಗೆ 12 ವಾರಗಳ ಕಾಲ ಸರದಿಯಂತೆ ಒಂದು ಹೊತ್ತಿನ ಊಟ, ದೊಡ್ಡ ಮಕ್ಕಳನ್ನು ನೋಡಿಕೊಳ್ಳಲು ದಿನಕ್ಕೆ ಎರಡು ಗಂಟೆ, ರಾತ್ರಿ ಶಿವಮೊಗ್ಗಕ್ಕೋ ಘಟ್ಟದ ಕೆಳಗಿನ ಮಣಿಪಾಲಕ್ಕೋ ಹೋಗಬೇಕಾಗಿ ಬಂದರೆ ಒಂದು ವಾಹನ, ಇಷ್ಟನ್ನು ಗುರಿಕಾರರು ಗೊತ್ತುಮಾಡಬಹುದು. ಯಾರಿಗೂ ಇದು ದೊಡ್ಡ ಹೊರೆಯಲ್ಲ. ಹಂಚಿಕೊಳ್ಳದಿದ್ದರೆ ಮಾತ್ರ ಒಬ್ಬಳಿಗೆ ಹೊರಲಾರದ ಹೊರೆ.

ಕೊನೆಯದಾಗಿ ಗಂಡಸರಿಗೆ ಒಂದು ಮಾತು. ಸಂತ ಜೋಸೆಫರು ಶುಭಸಂದೇಶದಲ್ಲಿ ಒಂದು ಮಾತನ್ನೂ ಆಡುವುದಿಲ್ಲ. ರಾತ್ರಿ ಎದ್ದು ತಾಯಿ-ಮಗುವನ್ನು ಕರೆದುಕೊಂಡು ಹೊರಡುತ್ತಾರೆ. ನಿಮ್ಮ ಹೆಂಡತಿ ಬೆಳಗಿನ ಜಾವ ಎದ್ದಾಗ ನೀವೂ ಏಳಿರಿ. ಹಂಡೆಯ ಒಲೆಗೆ ಬೆಂಕಿ ಮಾಡುವುದು ಗಂಡಸಿಗೆ ತಿಳಿಯದ ವಿದ್ಯೆಯೇನಲ್ಲ. ಬರುವ ಭಾನುವಾರ ಮಗು ಅತ್ತರೆ ಎತ್ತಿಕೊಂಡು ನೀವು ಹೊರಗೆ ಹೋಗಿರಿ. ಆ ತಾಯಿ ಒಂದು ಪೂಜೆಯನ್ನಾದರೂ ಕೊನೆಯವರೆಗೆ ಕುಳಿತು ಕೇಳಲಿ. ಉಳಿದ ನಾವು ತಿರುಗಿ ನೋಡದಿರೋಣ. ಮಗುವಿನ ಅಳು ಪೂಜೆಗೆ ಅಡ್ಡಿಯಲ್ಲ. ಮಕ್ಕಳ ಅಳುವೇ ಕೇಳಿಸದ ದೇವಾಲಯ ಇನ್ನೆಷ್ಟು ಕಾಲ ಬಾಗಿಲು ತೆರೆದಿದ್ದೀತು?

ಹಿನ್ನೀರಿಗೆ ಸೇತುವೆ ಕಟ್ಟಲು ಅರವತ್ತು ವರ್ಷಗಳು ಬೇಕಾದವು. ನೆರೆಮನೆಯ ತಾಯಿಯ ಅಡುಗೆಮನೆಯನ್ನು ತಲುಪಲು ಅಷ್ಟು ಕಾಲ ಬೇಕಾಗಿಲ್ಲ. ಇಂದು ಸಂಜೆಯೇ ಹೋಗಿ ಬರಬಹುದು.